ಲಾಬ್‌ಸ್ಟರ್ ಮರಿಗಳಿಗೆ ಬೆಳಕು: ಬೆಳವಣಿಗೆ ಮತ್ತು ಪೊರೆ ಕಳಚುವಿಕೆಯ ಪ್ರಯೋಗವನ್ನು ಕೆಡದಂತೆ ನಡೆಸುವ ಕ್ರಮ

ಮಂಗಳೂರು, ಉಡುಪಿ ಸುತ್ತಿನ ವಿದ್ಯಾರ್ಥಿಗಳೂ ಸಣ್ಣ ಹ್ಯಾಚರಿ ನಡೆಸುವವರೂ ಲಾಬ್‌ಸ್ಟರ್ ಮರಿಗಳ ಮೇಲೆ ಬೆಳಕಿನ ಪ್ರಯೋಗ ಮಾಡಿ, ತಿಂಗಳ ಕೊನೆಗೆ ಒಂದಕ್ಕೊಂದು ತಾಳೆಯಾಗದ ಅಂಕಿಗಳನ್ನು ಹಿಡಿದುಕೊಂಡು ಬರುವುದನ್ನು ಹಲವು ಸಲ ನೋಡಿದ್ದೇನೆ. ಬೆಳಕು ಹೆಚ್ಚಿದ್ದ ತೊಟ್ಟಿಯಲ್ಲಿ ಮರಿಗಳು ಬೇಗ ಪೊರೆ ಬಿಟ್ಟವು ಎಂದು ಒಬ್ಬರು ಬರೆದಿರುತ್ತಾರೆ. ಅದೇ ಜಾತಿಯಲ್ಲಿ ಇನ್ನೊಬ್ಬರಿಗೆ ಅದರ ವಿರುದ್ಧದ ಫಲಿತಾಂಶ ಸಿಕ್ಕಿರುತ್ತದೆ. ಇಬ್ಬರ ದಾಖಲೆ ಪುಸ್ತಕವನ್ನೂ ತೆರೆದು ನೋಡಿದರೆ ತಪ್ಪು ಒಂದೇ ಆಗಿರುತ್ತದೆ. ಬೆಳಕಿನ ಬೆನ್ನಿಗೇ ಬರುವ ಬಿಸಿ, ಆಹಾರದ ಹಂಚಿಕೆ, ಪಾಚಿ ಇವುಗಳನ್ನು ಬೇರ್ಪಡಿಸದೆ ಎಲ್ಲವನ್ನೂ ಬೆಳಕಿನ ಲೆಕ್ಕಕ್ಕೆ ಬರೆದಿರುತ್ತಾರೆ. ಮುಂದಿನ ಹಂತಗಳ ಕ್ರಮವನ್ನು ಈ ಬೇರ್ಪಡಿಸುವಿಕೆಗೆಂದೇ ಹೊಂದಿಸಲಾಗಿದೆ. ಆದ್ದರಿಂದ ಯಾವ ಹಂತವನ್ನೂ ಹಿಂದೆಮುಂದೆ ಮಾಡಬಾರದು.

ಆರಂಭಕ್ಕೆ ಮುನ್ನ: ಯಾವ ಜಾತಿ, ಯಾವ ಪ್ರಶ್ನೆ

ಮುಳ್ಳು ಲಾಬ್‌ಸ್ಟರ್‌ಗಳ ಮರಿ, ಅಂದರೆ ಎಲೆಯಂತೆ ಚಪ್ಪಟೆಯಾಗಿ ಪಾರದರ್ಶಕವಾಗಿರುವ ಫಿಲ್ಲೋಸೋಮ, ಹಲವು ತಿಂಗಳು ತೇಲುತ್ತಾ ಬದುಕುತ್ತದೆ. ಜಪಾನಿನ ಮುಳ್ಳು ಲಾಬ್‌ಸ್ಟರ್‌ನ ಮರಿಯನ್ನು ಕೊನೆಯ ಹಂತದವರೆಗೆ ಸಾಕಲು ಸುಮಾರು 300 ದಿನ ಬೇಕಾಗುತ್ತದೆ. ಮೊದಲ ಪ್ರಯೋಗಕ್ಕೆ ಅಷ್ಟು ದೀರ್ಘವಾದ ಜಾತಿಯನ್ನು ಆರಿಸಿಕೊಳ್ಳಬೇಡಿ. ನಮ್ಮ ಕರಾವಳಿಯ ಟ್ರಾಲ್ ಬೋಟುಗಳಿಗೆ ಸಿಗುವ ಥೀನಸ್, ಅಂದರೆ ಮರಳು ಲಾಬ್‌ಸ್ಟರ್, ನಾಲ್ಕು ಫಿಲ್ಲೋಸೋಮ ಹಂತಗಳನ್ನು ಸುಮಾರು ಒಂದು ತಿಂಗಳಲ್ಲಿ ದಾಟಿ ತಳದಲ್ಲಿ ಬದುಕುವ ನಿಸ್ಟೋ ಎಂಬ ರೂಪಕ್ಕೆ ಬರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕು ಪೊರೆಗಳ ದಾಖಲೆ ಸಿಗುವುದರಿಂದ ಬೆಳಕಿನ ಅಧ್ಯಯನಕ್ಕೆ ಇದೇ ಯೋಗ್ಯ. ಮುಂದೆ ಹೇಳುವುದೆಲ್ಲ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೇಳುವ ಮಾತು.

ಪ್ರಶ್ನೆ ಒಂದೇ ಇರಲಿ. ದಿನಕ್ಕೆ ಎಷ್ಟು ಗಂಟೆ ಬೆಳಕು ಎಂಬುದು ಒಂದು ಪ್ರಶ್ನೆ, ಬೆಳಕು ಎಷ್ಟು ಪ್ರಖರ ಎಂಬುದು ಎರಡನೆಯದು, ಅದರ ಬಣ್ಣ ಯಾವುದು ಎಂಬುದು ಮೂರನೆಯದು. ಮೂರನ್ನೂ ಒಂದೇ ಪ್ರಯೋಗಕ್ಕೆ ತುರುಕಿದರೆ ಒಂದಕ್ಕೂ ಉತ್ತರ ಸಿಗುವುದಿಲ್ಲ. ಅವಧಿಯನ್ನು ಆರಿಸಿಕೊಂಡರೆ ಪೂರ್ಣ ಕತ್ತಲು, 12 ಗಂಟೆ ಬೆಳಕು ಮತ್ತು 12 ಗಂಟೆ ಕತ್ತಲು, 24 ಗಂಟೆ ಬೆಳಕು ಎಂಬ ಮೂರು ಗುಂಪು ಸಾಕು. ಮಂಗಳೂರಿನಲ್ಲಿ ಹಗಲು ವರ್ಷವಿಡೀ ಸುಮಾರು ಹನ್ನೊಂದೂವರೆ ಗಂಟೆಯಿಂದ ಹದಿಮೂರು ಗಂಟೆಯ ಒಳಗೇ ಇರುವುದರಿಂದ ನಡುವಿನ ಗುಂಪು ಇಲ್ಲಿನ ಸಹಜ ದಿನಕ್ಕೆ ಹತ್ತಿರವಾಗುತ್ತದೆ. ಪ್ರಖರತೆಯನ್ನು ಆರಿಸಿಕೊಂಡರೆ ಮೂರು ಗುಂಪಿಗೂ 12 ಗಂಟೆಯೇ ಇರಲಿ, ಪ್ರಖರತೆ ಮಾತ್ರ 10, 100, 1000 ಲಕ್ಸ್ ಎಂದು ಹತ್ತು ಪಟ್ಟಿನ ಅಂತರದಲ್ಲಿರಲಿ. 200 ಮತ್ತು 300 ಲಕ್ಸ್‌ಗಳ ನಡುವೆ ವ್ಯತ್ಯಾಸ ಹುಡುಕುವುದು ವ್ಯರ್ಥ ಶ್ರಮ. ಒಂದೇ ತೊಟ್ಟಿಯ ನಡುವಿಗೂ ಮೂಲೆಗೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಬೆಳಕು ಪೊರೆಯವರೆಗೆ ಹೇಗೆ ತಲುಪುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳ ಅರ್ಥ ತಾನಾಗಿಯೇ ಹೊಳೆಯುತ್ತದೆ. ಏಡಿ, ಸಿಗಡಿ, ಲಾಬ್‌ಸ್ಟರ್‌ಗಳಲ್ಲಿ ಕಣ್ಣಿನ ಕಾಂಡದೊಳಗಿರುವ ಎಕ್ಸ್ ಅಂಗ ಮತ್ತು ಸೈನಸ್ ಗ್ರಂಥಿ ಪೊರೆ ಕಳಚುವುದನ್ನು ತಡೆಯುವ ಹಾರ್ಮೋನನ್ನು ಬಿಡುತ್ತವೆ. ಆ ತಡೆ ಸಡಿಲವಾದಾಗ ವೈ ಅಂಗ ಎಕ್ಡೈಸೋನ್ ಹಾರ್ಮೋನನ್ನು ಹೆಚ್ಚಿಸಿ ಪೊರೆಯ ಸಿದ್ಧತೆಯನ್ನು ಆರಂಭಿಸುತ್ತದೆ. ಕಣ್ಣಿನ ಕಾಂಡ ಕತ್ತರಿಸಿದ ಪ್ರಾಣಿ ಬೇಗ ಬೇಗ ಪೊರೆ ಬಿಡುವುದು ಇದೇ ಕಾರಣಕ್ಕೆ. ಕಣ್ಣಿನ ಮೂಲಕ ಹಾರ್ಮೋನಿಗೆ ಹೋಗುವ ಈ ದಾರಿ ಒಂದು. ಮರಿ ಬೆಳಕಿನತ್ತ ಈಜಿ ಶಕ್ತಿ ಕಳೆದುಕೊಳ್ಳುವುದು, ಗುಂಪುಗೂಡುವುದು ಎರಡನೆಯ ದಾರಿ. ದೀಪದಿಂದ ನೀರು ಬಿಸಿಯಾಗುವುದು, ಆವಿಯಾಗುವುದು, ಪಾಚಿ ಕಟ್ಟುವುದು, ಆಹಾರ ಒಂದೆಡೆ ಕೂಡುವುದು ಮೂರನೆಯ ದಾರಿ. ನಿಮಗೆ ಬೇಕಾದುದು ಮೊದಲ ಎರಡು. ಮೂರನೆಯದನ್ನು ಎಲ್ಲ ಗುಂಪುಗಳಲ್ಲೂ ಸಮವಾಗಿಸಬೇಕು.

ಬೇಕಾಗುವ ಸಾಮಗ್ರಿ

ಲಕ್ಸ್ ಮೀಟರ್, ಬ್ಯಾಟರಿ ಇರುವ ಡಿಜಿಟಲ್ ಟೈಮರ್, ಒಂದೇ ಕಂಪನಿಯ ಒಂದೇ ಬಣ್ಣದ ಎಲ್‌ಇಡಿ ದೀಪಗಳು, ಕಪ್ಪು ದಪ್ಪ ಬಟ್ಟೆ, ನೆರಳು ಬಲೆ, ಕೆಂಪು ಬೆಳಕಿನ ಹೆಡ್ ಟಾರ್ಚ್, 0.1 ಡಿಗ್ರಿ ತೋರಿಸುವ ಥರ್ಮಾಮೀಟರ್, ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಪಿಎಚ್ ಮತ್ತು ಅಮೋನಿಯಾ ಕಿಟ್, ಅಳತೆಪಟ್ಟಿ ಇರುವ ಸೂಕ್ಷ್ಮದರ್ಶಕ, ಅಗಲ ಬಾಯಿಯ ಗಾಜಿನ ಪಿಪೆಟ್, ಒಂದು ಲೀಟರಿನ ಬೀಕರ್‌ಗಳು, ದುಂಡನೆಯ ಕಪ್ಪು ತೊಟ್ಟಿಗಳು. ಮೊಬೈಲಿನ ಲಕ್ಸ್ ಆಪ್ ಇದ್ದರೆ ಮೀಟರ್ ಯಾಕೆ ಎಂದು ಕೇಳುವವರಿದ್ದಾರೆ. ಒಂದೇ ಜಾಗದಲ್ಲಿ ಎರಡು ಫೋನು ಇಟ್ಟು ನೋಡಿದರೆ ಉತ್ತರ ಸಿಗುತ್ತದೆ.

ಹಂತ 1: ಕೋಣೆಯನ್ನು ಮೊದಲು ಕತ್ತಲು ಮಾಡಿ

ದೀಪ ಹಚ್ಚುವ ಮೊದಲು ಕತ್ತಲನ್ನು ಸಂಪಾದಿಸಬೇಕು. ನಮ್ಮ ಕಡೆಯ ಹೆಚ್ಚಿನ ಶೆಡ್‌ಗಳಿಗೆ ನಡುನಡುವೆ ಬೆಳಕು ಬಿಡುವ ಫೈಬರ್ ಶೀಟಿನ ಮಾಡು ಇರುತ್ತದೆ. ಮಳೆಗಾಲದ ಆಟಿ ತಿಂಗಳ ಮಧ್ಯಾಹ್ನ ಮೋಡ ಕವಿದಾಗ ಒಳಗೆ ಸಂಜೆಯಂತಾಗುತ್ತದೆ, ಹತ್ತು ನಿಮಿಷಕ್ಕೆ ಬಿಸಿಲು ಬಿದ್ದರೆ ಕಣ್ಣು ಕುಕ್ಕುತ್ತದೆ. ಇಂಥ ಶೆಡ್ಡಿನಲ್ಲಿ ಮಾಡಿದ ಬೆಳಕಿನ ಪ್ರಯೋಗಕ್ಕೆ ಅರ್ಥವಿಲ್ಲ. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ ಹಾಕಿ, ಬಾಗಿಲಿನ ಒಳಗಡೆ ಇನ್ನೊಂದು ಪರದೆ ಇಳಿಬಿಟ್ಟು, ನಡು ಮಧ್ಯಾಹ್ನ ಒಳಗೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೂ ನಿಮ್ಮ ಕೈ ನಿಮಗೆ ಕಾಣಿಸಿದರೆ ಎಲ್ಲೋ ಸಂದು ಉಳಿದಿದೆ ಎಂದರ್ಥ. ಹುಣ್ಣಿಮೆಯ ಬೆಳದಿಂಗಳು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ಆದರೂ ಸಮುದ್ರದ ಪ್ರಾಣಿಗಳು ಅದಕ್ಕೆ ಸ್ಪಂದಿಸುತ್ತವೆ.

ಏರ್ ಪಂಪಿನ ಸೂಚಕ ದೀಪ, ಇನ್ವರ್ಟರಿನ ಹಸಿರು ಚುಕ್ಕೆ, ಯುವಿ ಫಿಲ್ಟರಿನ ಕೊಳವೆಯಿಂದ ಸೋರುವ ನೀಲಿ ಬೆಳಕು ಇವೆಲ್ಲಕ್ಕೂ ಕಪ್ಪು ಟೇಪು ಅಂಟಿಸಬೇಕು. ಕೋಣೆಯ ಟ್ಯೂಬ್‌ಲೈಟಿನ ಸ್ವಿಚ್ಚಿಗೂ ಟೇಪು ಹಾಕಿ. ನಾನು ನೋಡಿಕೊಳ್ಳುತ್ತಿದ್ದ ಒಂದು ತಂಡದಲ್ಲಿ ಪೂರ್ಣ ಕತ್ತಲಿನ ಗುಂಪು ಎರಡು ವಾರ ಎಲ್ಲ ನಿರೀಕ್ಷೆಗೂ ವಿರುದ್ಧವಾಗಿ ನಡೆದುಕೊಂಡಿತ್ತು. ರಾತ್ರಿ ಕಾವಲಿನವರು ಎರಡು ಗಂಟೆಗೆ ಒಮ್ಮೆ ಬಂದು, ಪಂಪು ಓಡುತ್ತಿದೆಯೇ ಎಂದು ಲೈಟು ಹಾಕಿ ನೋಡಿ ಹೋಗುತ್ತಿದ್ದರು ಎಂಬುದು ಕೊನೆಗೆ ತಿಳಿಯಿತು. ಅವರು ತಮ್ಮ ಕೆಲಸವನ್ನು ನಿಷ್ಠೆಯಿಂದಲೇ ಮಾಡಿದ್ದರು, ಹೇಳಬೇಕಾದವರು ಹೇಳಿರಲಿಲ್ಲ. ಕೋಣೆಗೆ ಬರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ವಿಷಯ ತಿಳಿಸಿ, ಕೈಗೆ ಕೆಂಪು ಟಾರ್ಚ್ ಕೊಡಿ.

ಹಂತ 2: ನೀರು

ಥೀನಸ್ ಮರಿಗಳಿಗೆ 33ರಿಂದ 36 ಪಿಪಿಟಿ (ಸಾವಿರ ಪಾಲಿಗೆ ಇಷ್ಟು ಪಾಲು) ಲವಣಾಂಶ, 26ರಿಂದ 28 ಡಿಗ್ರಿ ಶಾಖ, 8ರಿಂದ 8.3 ಪಿಎಚ್ ಇರುವ ನೀರು ಬೇಕು. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು ಬೆಂಗ್ರೆಯ ಅಳಿವೆಯಿಂದಾಚೆಗೂ ಹರಡಿ ದಡದ ನೀರಿನ ಲವಣಾಂಶವನ್ನು ಇಳಿಸುತ್ತದೆ. ಆದ್ದರಿಂದ ಪ್ರಯೋಗವನ್ನು ಜನವರಿಯಿಂದ ಮೇ ತಿಂಗಳೊಳಗೆ ಮುಗಿಸುವಂತೆ ಯೋಜಿಸಿ. ನೀರನ್ನು ಅಳಿವೆಯಿಂದ ದೂರದಲ್ಲಿ, ಭರತದ ಸಮಯದಲ್ಲಿ ತುಂಬಿಸಿಕೊಳ್ಳಿ. ಬ್ಲೀಚಿಂಗ್ ಪುಡಿ ಹಾಕಿ ಶುದ್ಧೀಕರಿಸಿದ ಮೇಲೆ ಒಂದೆರಡು ದಿನ ಗಾಳಿಯಾಡಿಸಿ, ಕ್ಲೋರಿನ್ ಉಳಿದಿಲ್ಲ ಎಂದು ಕಿಟ್ಟಿನಲ್ಲಿ ಖಚಿತಪಡಿಸಿಕೊಂಡು, ಸೋಸಿ ಬಳಸಿ. ಎಲ್ಲ ಗುಂಪುಗಳಿಗೂ ಒಂದೇ ಸಂಗ್ರಹದ ನೀರು ಹೋಗಬೇಕು.

ಹಂತ 3: ದೀಪ ಮತ್ತು ಟೈಮರ್

ದೀಪವನ್ನು ತೊಟ್ಟಿಯ ನೇರ ಮೇಲೆ ತೂಗುಹಾಕಿ. ಪಕ್ಕದಿಂದ ಬೆಳಕು ಬಿದ್ದರೆ ಮರಿಗಳೆಲ್ಲ ಒಂದು ಗೋಡೆಗೆ ಅಂಟಿ ನಿಲ್ಲುತ್ತವೆ. ಪ್ರಖರತೆಯನ್ನು ತಗ್ಗಿಸಲು ಡಿಮ್ಮರ್ ಬಳಸಬೇಡಿ. ಅಗ್ಗದ ಡಿಮ್ಮರ್‌ಗಳು ದೀಪವನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸಿ ಮಂಕು ಮಾಡುತ್ತವೆ, ನಮ್ಮ ಕಣ್ಣಿಗೆ ಕಾಣದ ಆ ಮಿಟುಕು ಮರಿಗೂ ಕಾಣುವುದಿಲ್ಲ ಎಂದು ಹೇಳಲಾಗದು. ಅದರ ಬದಲು ದೀಪದ ಕೆಳಗೆ ನೆರಳು ಬಲೆಯ ಪದರಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗಿ, ಬೇಕಾದ ಲಕ್ಸ್ ಬಂದಾಗ ನಿಲ್ಲಿಸಿ. ಹೀಗೆ ಮಾಡಿದರೆ ಎಲ್ಲ ಗುಂಪಿನಲ್ಲೂ ದೀಪ ಒಂದೇ, ಅದರ ಎತ್ತರವೂ ಒಂದೇ, ಅದು ಕೊಡುವ ಬಿಸಿಯೂ ಹೆಚ್ಚು ಕಡಿಮೆ ಒಂದೇ.

ಅಳತೆಯನ್ನು ದೀಪದ ಬುಡದಲ್ಲಿ ತೆಗೆಯದೆ ನೀರಿನ ಮೇಲ್ಮೈಯ ಮಟ್ಟದಲ್ಲಿ, ನಡುವೆ ಒಂದು ಮತ್ತು ಅಂಚುಗಳಲ್ಲಿ ನಾಲ್ಕು ಕಡೆ ತೆಗೆದು ಐದನ್ನೂ ಬರೆಯಿರಿ. ಬಣ್ಣದ ಪ್ರಯೋಗ ಮಾಡುವವರಿಗೆ ಒಂದು ಮಾತು: ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನೀಲಿ ದೀಪವನ್ನು ಅದು ಕಡಿಮೆಯಾಗಿಯೂ ಹಸಿರನ್ನು ಹೆಚ್ಚಾಗಿಯೂ ತೋರಿಸುತ್ತದೆ. ಆದ್ದರಿಂದ ಬೇರೆ ಬೇರೆ ಬಣ್ಣಗಳನ್ನು ಲಕ್ಸ್‌ನಲ್ಲಿ ಸಮ ಮಾಡಿದರೆ ನಿಜದಲ್ಲಿ ಅವು ಸಮವಾಗಿರುವುದಿಲ್ಲ. ಫೋಟಾನ್ ಎಣಿಸುವ ಕ್ವಾಂಟಮ್ ಮೀಟರ್ ಎರವಲು ಸಿಗದಿದ್ದರೆ ಬಣ್ಣದ ಪ್ರಯೋಗವನ್ನು ಕೈಗೆತ್ತಿಕೊಳ್ಳಬೇಡಿ.

ಟೈಮರ್ ವಿಷಯದಲ್ಲಿ ನನಗೇ ಆದ ನಷ್ಟವನ್ನು ಹೇಳಲೇಬೇಕು. ತಿರುಗುವ ಡಯಲ್ ಇರುವ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ, ಕರೆಂಟು ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಏಪ್ರಿಲ್ ಕೊನೆಯ ಗುಡುಗು ಮಳೆಗೆ ದಿನಕ್ಕೆ ಅರ್ಧ, ಮುಕ್ಕಾಲು ಗಂಟೆ ಕರೆಂಟು ಹೋಗುತ್ತಾ ಹತ್ತು ದಿನಗಳಲ್ಲಿ ನನ್ನ ತೊಟ್ಟಿಗಳ ಬೆಳಗು ಆರು ಗಂಟೆಯಿಂದ ಮಧ್ಯಾಹ್ನದತ್ತ ಸರಿದುಹೋಗಿತ್ತು. ಬೆಳಗ್ಗೆ ಪೊರೆಗಳು ಸಿಗುತ್ತಿಲ್ಲವೆಂದು ನಾನು ಆಹಾರವನ್ನೂ ನೀರನ್ನೂ ಅನುಮಾನಿಸುತ್ತಾ ಕುಳಿತಿದ್ದೆ. ಇಡೀ ತಿಂಗಳ ದಾಖಲೆಯನ್ನು ಬಿಡಬೇಕಾಯಿತು. ಬ್ಯಾಟರಿ ಇರುವ ಡಿಜಿಟಲ್ ಟೈಮರನ್ನೇ ಕೊಳ್ಳಿ, ದೀಪ ಮತ್ತು ಗಾಳಿ ಪಂಪು ಎರಡನ್ನೂ ಇನ್ವರ್ಟರಿಗೆ ಜೋಡಿಸಿ, ದಿನವೂ ಟೈಮರಿನ ಗಂಟೆಯನ್ನು ಕೈಗಡಿಯಾರದ ಜೊತೆ ತಾಳೆ ನೋಡಿ.

ದೀಪ ಥಟ್ಟನೆ ಹೊತ್ತುವುದು, ಥಟ್ಟನೆ ಆರುವುದು ಮರಿಗಳನ್ನು ಬೆದರಿಸುತ್ತದೆ. ಮುಖ್ಯ ದೀಪಕ್ಕಿಂತ ಅರ್ಧ ಗಂಟೆ ಮೊದಲು ಹೊತ್ತುವ ಮತ್ತು ಅರ್ಧ ಗಂಟೆ ನಂತರ ಆರುವ ಮಂದವಾದ ಇನ್ನೊಂದು ದೀಪ ಇದ್ದರೆ ಒಳ್ಳೆಯದು.

ಹಂತ 4: ಮರಿಗಳಿಲ್ಲದೆ ಮೂರು ದಿನ ಓಡಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಪ್ರಯೋಗ ಕೆಡುವುದೂ ಇಲ್ಲಿಯೇ. ನೀರು, ಗಾಳಿ, ದೀಪ, ಮುಚ್ಚಳ ಎಲ್ಲವನ್ನೂ ಪ್ರಯೋಗದ ದಿನಗಳಂತೆಯೇ ಇಟ್ಟು, ಪ್ರತಿ ಪಾತ್ರೆಯ ಶಾಖವನ್ನು ದೀಪ ಹೊತ್ತುವ ಮುನ್ನ, ಮಧ್ಯಾಹ್ನ, ದೀಪ ಆರುವ ಮುನ್ನ ಮತ್ತು ನಡುರಾತ್ರಿ ಅಳೆಯಿರಿ. ಶಾಖ ಹೆಚ್ಚಿದಂತೆ ಪೊರೆಗಳ ನಡುವಿನ ಅವಧಿ ಕುಗ್ಗುತ್ತದೆ. ಬೆಳಕಿನ ಪಾತ್ರೆ ಕತ್ತಲಿನ ಪಾತ್ರೆಗಿಂತ ಒಂದು ಡಿಗ್ರಿ ಬಿಸಿಯಿದ್ದರೂ ಸಾಕು, ನೀವು ಅಳೆಯುವುದು ಬೆಳಕಿನ ಪರಿಣಾಮವಾಗಿ ಉಳಿಯುವುದಿಲ್ಲ, ಬಿಸಿಯ ಪರಿಣಾಮವಾಗಿಬಿಡುತ್ತದೆ.

ಬೀಕರ್‌ಗಳನ್ನೆಲ್ಲ ನೀರು ತುಂಬಿದ ಆಳವಿಲ್ಲದ ದೊಡ್ಡ ತಟ್ಟೆಗಳಲ್ಲಿ ನಿಲ್ಲಿಸಿ, ಆ ತಟ್ಟೆಗಳ ನೀರನ್ನು ಒಂದೇ ಪಂಪಿನಿಂದ ಸುತ್ತಿಸಿದರೆ ಶಾಖ ಸಮವಾಗುತ್ತದೆ. ಮುಚ್ಚಳವನ್ನೂ ಮರೆಯಬೇಡಿ. ಕತ್ತಲಿನ ಗುಂಪಿಗೆ ಮಾತ್ರ ಕಪ್ಪು ಮುಚ್ಚಳ ಹಾಕಿ ಉಳಿದವನ್ನು ತೆರೆದಿಟ್ಟರೆ, ತೆರೆದವುಗಳಲ್ಲಿ ನೀರು ಆವಿಯಾಗಿ ಲವಣಾಂಶ ಏರುತ್ತದೆ. ಬೆಳಕಿನ ಗುಂಪಿಗೆ ಪಾರದರ್ಶಕ ಮುಚ್ಚಳ, ಕತ್ತಲಿನ ಗುಂಪಿಗೆ ಅದೇ ಮುಚ್ಚಳದ ಮೇಲೆ ಕಪ್ಪು ಬಣ್ಣ, ಇಷ್ಟೇ ವ್ಯತ್ಯಾಸವಿರಲಿ. ಮೂರು ದಿನವೂ ಗುಂಪುಗಳ ನಡುವಿನ ಶಾಖದ ಅಂತರ 0.3 ಡಿಗ್ರಿಯೊಳಗೆ ಬರುವವರೆಗೆ ಮರಿಗಳನ್ನು ಒಳಗೆ ತರಬೇಡಿ.

ಹಂತ 5: ತಾಯಿ, ಮೊಟ್ಟೆ, ಮರಿಗಳ ಹಂಚಿಕೆ

ಮೊಟ್ಟೆ ಹೊತ್ತ ಹೆಣ್ಣನ್ನು ಮಲ್ಪೆಯ ಬಂದರಿನಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೋಟಿನವರಿಂದ ಪಡೆಯುವ ಮೊದಲು ಮೀನುಗಾರಿಕೆ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ ಅನುಮತಿ ಪಡೆಯಿರಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವುದರಿಂದ ಆ ಅವಧಿಯನ್ನು ನೆಚ್ಚಿಕೊಳ್ಳಬೇಡಿ. ಐಸಿನಲ್ಲಿ ಹಾಕಿದ ಪ್ರಾಣಿ ಬೇಡ. ಒದ್ದೆ ಗೋಣಿಯಲ್ಲೋ ಗಾಳಿ ಬಿಡುವ ಟಬ್ಬಿನಲ್ಲೋ ಜೀವಂತ ಬಂದದ್ದೇ ಆಗಬೇಕು. ಕಿತ್ತಳೆ ಬಣ್ಣದ ಮೊಟ್ಟೆಗಳು ಕಂದಾಗಿ, ಒಳಗೆ ಕಪ್ಪು ಕಣ್ಣಿನ ಚುಕ್ಕೆಗಳು ಕಾಣಿಸಿದರೆ ಮರಿಯಾಗುವ ದಿನ ಹತ್ತಿರವಾಗಿದೆ ಎಂದು ತಿಳಿಯಬೇಕು. ತಾಯಿಯನ್ನು 12 ಗಂಟೆ ಬೆಳಕು, 12 ಗಂಟೆ ಕತ್ತಲಿನ ಮಂದ ಕೋಣೆಯಲ್ಲಿಡಿ.

ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿನತ್ತ ಬರುವ ಸ್ವಭಾವದವು. ಲೈಟ್ ಫಿಶಿಂಗ್‌ನ ವಿವಾದ ಬಲ್ಲ ನಮ್ಮ ಕರಾವಳಿಯವರಿಗೆ ಕಡಲಿನ ಜೀವಿಗಳು ದೀಪಕ್ಕೆ ಕೂಡುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಟ್ಟಿಯ ಒಂದು ಅಂಚಿಗೆ ಮಂದವಾದ ಟಾರ್ಚ್ ಹಿಡಿದರೆ ಚುರುಕಾದ ಮರಿಗಳು ಅಲ್ಲಿಗೆ ಬರುತ್ತವೆ, ದುರ್ಬಲವಾದವು ತಳದಲ್ಲೇ ಉಳಿಯುತ್ತವೆ. ಚುರುಕಾದವನ್ನು ಮಾತ್ರ ಲೋಟದಿಂದ ನೀರಿನ ಸಮೇತ ಎತ್ತಿ ಆರಿಸಿ. ಬಲೆಯಿಂದ ಎತ್ತಿದರೆ ಉದ್ದನೆಯ ಕಾಲುಗಳು ಮುರಿಯುತ್ತವೆ. ಆದರೆ ಆರಿಸಿದ ಕೂಡಲೇ ಎಲ್ಲವನ್ನೂ ಒಂದು ಪಾತ್ರೆಯಲ್ಲಿ ಬೆರೆಸಿ, ಚೀಟಿ ಎತ್ತಿ ಗುಂಪುಗಳಿಗೆ ಹಂಚಬೇಕು. ಮೊದಲು ಬಂದವನ್ನು ಮೊದಲ ಗುಂಪಿಗೆ ಹಾಕುತ್ತಾ ಹೋದರೆ ಬಲಿಷ್ಠವಾದವೆಲ್ಲ ಒಂದೇ ಕಡೆ ಸೇರುತ್ತವೆ.

ಪ್ರತಿ ಗುಂಪಿಗೆ 15ರಿಂದ 20 ಬೀಕರ್‌ಗಳಲ್ಲಿ ಒಂದೊಂದೇ ಮರಿ ಇರಲಿ. ಪೊರೆಯ ನಿಖರ ದಿನ ಸಿಗುವುದು ಇವುಗಳಿಂದ. ಜೊತೆಗೆ ಗುಂಪಾಗಿ ಸಾಕುವ ತೊಟ್ಟಿಗಳು ಪ್ರತಿ ಗುಂಪಿಗೂ ಕನಿಷ್ಠ ಮೂರು ಇರಲಿ. ಎಷ್ಟು ಮರಿ ಬದುಕುಳಿದವು ಎಂಬ ಲೆಕ್ಕ ಇವುಗಳಿಂದ ಬರುತ್ತದೆ. ಒಂದೇ ದೊಡ್ಡ ತೊಟ್ಟಿಯಲ್ಲಿ ಇನ್ನೂರು ಮರಿ ಹಾಕಿ ಇನ್ನೂರು ಮಾದರಿ ಎಂದು ಬರೆಯುವುದು ತಪ್ಪು. ಲೆಕ್ಕಕ್ಕೆ ಅದು ಒಂದೇ ಮಾದರಿ.

ಹಂತ 6: ಆಹಾರವನ್ನು ಬೆಳಕಿನಿಂದ ಬಿಡಿಸುವುದು

ಲಾಬ್‌ಸ್ಟರ್ ಮರಿಗಳಿಗೆ ಜೀವಂತ ಆಹಾರವಾಗಿ ಕೊಡುವ ಆರ್ಟೀಮಿಯಾ ಎಂಬ ಸಿಗಡಿಯಂಥ ಪುಟ್ಟ ಜೀವಿಯ ಮರಿಗಳೂ ಬೆಳಕಿಗೆ ಕೂಡುತ್ತವೆ. ದೀಪದ ತೊಟ್ಟಿಯಲ್ಲಿ ಅವು ಮೇಲ್ಮೈಯ ಒಂದು ಕಡೆ ದಟ್ಟವಾಗುತ್ತವೆ, ಕತ್ತಲಿನ ತೊಟ್ಟಿಯಲ್ಲಿ ಸಮನಾಗಿ ಹರಡಿರುತ್ತವೆ. ಅಂದರೆ ನೀವು ಎಣಿಸಿ ಸಮವಾಗಿ ಹಾಕಿದ ಆಹಾರ ಮರಿಯ ಬಾಯಿಗೆ ಸಮವಾಗಿ ತಲುಪುತ್ತಿಲ್ಲ. ಹೊಟ್ಟೆ ತುಂಬಿದ ಮರಿ ಬೇಗ ಪೊರೆ ಬಿಡುತ್ತದೆ, ಹಸಿದದ್ದು ತಡಮಾಡುತ್ತದೆ. ನಾನು ಕಂಡ ಬೆಳಕಿನ ಫಲಿತಾಂಶಗಳಲ್ಲಿ ಬಹಳಷ್ಟು ನಿಜದಲ್ಲಿ ಊಟದ ಫಲಿತಾಂಶಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಎರಡು ಉಪಾಯಗಳಿವೆ. ತೊಟ್ಟಿಯ ನೀರು ತಳದಿಂದ ಮೇಲಕ್ಕೆ ನಿಧಾನವಾಗಿ ಸುತ್ತುವಂತೆ ಮಾಡಿದರೆ ಆರ್ಟೀಮಿಯಾ ಒಂದೆಡೆ ಕೂಡುವುದಿಲ್ಲ. ಗಾಳಿಯ ಗುಳ್ಳೆಗಳು ನೇರವಾಗಿ ಮರಿಗಳ ನಡುವೆ ಏಳದಂತೆ ಮಾತ್ರ ನೋಡಿಕೊಳ್ಳಬೇಕು. ಗುಳ್ಳೆ ಕಾಲಿಗೆ ಸಿಕ್ಕಿಕೊಂಡರೆ ಮರಿ ಮೇಲ್ಮೈಗೆ ಅಂಟಿ ಸಾಯುತ್ತದೆ. ಎರಡನೆಯ ಉಪಾಯ, ಥೀನಸ್ ಮರಿಗಳು ಕಾಲಿನಿಂದ ಹಿಡಿದು ತಿನ್ನುವ ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಮಾಂಸವನ್ನು ಕೊಡುವುದು. ತಾಜಾ ಮರುವಾಯಿಯನ್ನು ಬಿಡಿಸಿ ತೊಳೆದು, ಮರಿಯ ಗಾತ್ರಕ್ಕೆ ತಕ್ಕಂತೆ ಸಾಸಿವೆ ಕಾಳಿಗಿಂತ ಚಿಕ್ಕದಾಗಿ ಕೊಚ್ಚಿ, ಬೀಕರಿನ ಒಂದೊಂದು ಮರಿಗೂ ಪಿಪೆಟ್ಟಿನಲ್ಲಿ ಹತ್ತಿರ ಬಿಡಬೇಕು. ಆಗ ಬೆಳಕಿದ್ದರೂ ಇಲ್ಲದಿದ್ದರೂ ಆಹಾರ ಸಿಕ್ಕಿದ್ದು ಖಾತ್ರಿ. ಉಳಿದ ಚೂರನ್ನು ಕೆಲವೇ ಗಂಟೆಗಳಲ್ಲಿ ತೆಗೆಯದಿದ್ದರೆ ಅಮೋನಿಯಾ ಏರುತ್ತದೆ. ಆರ್ಟೀಮಿಯಾ ಕೊಡುವವರು ಮರುದಿನ ಪ್ರತಿ ಪಾತ್ರೆಯಲ್ಲಿ ಎಷ್ಟು ಉಳಿದಿದೆ ಎಂದು ಎಣಿಸಿ ಬರೆಯಲೇಬೇಕು.

ಹಂತ 7: ಪೊರೆಯನ್ನು ಎಣಿಸುವುದು

ಜಪಾನಿನ ಮುಳ್ಳು ಲಾಬ್‌ಸ್ಟರ್‌ನ ಫಿಲ್ಲೋಸೋಮಗಳು ಹೆಚ್ಚಾಗಿ ಬೆಳಕು ಮೂಡುವ ಹೊತ್ತಿನ ಆಸುಪಾಸಿನಲ್ಲಿ ಪೊರೆ ಬಿಡುತ್ತವೆ. ನೀವು ಸಾಕುವ ಜಾತಿಯಲ್ಲೂ ಹಾಗೆಯೇ ಎಂದು ಮೊದಲೇ ನಂಬಬೇಡಿ. ಆದರೆ ಆ ಹೊತ್ತನ್ನು ಪವಿತ್ರವೆಂದು ಭಾವಿಸಿ, ದೀಪ ಹೊತ್ತುವ ಮೊದಲ ಒಂದು ಗಂಟೆ ಮತ್ತು ಹೊತ್ತಿದ ಎರಡು ಗಂಟೆಯೊಳಗೆ ನೀರು ಬದಲಿಸುವುದು, ಪಾತ್ರೆ ಸರಿಸುವುದು, ಆಹಾರ ಹಾಕುವುದು ಯಾವುದನ್ನೂ ಮಾಡಬೇಡಿ. ಪೊರೆ ಕಳಚಿದ ಮರಿ ಮೃದುವಾಗಿರುತ್ತದೆ, ಅಲುಗಾಡಿಸಿದರೆ ಕಾಲು ಕಳೆದುಕೊಳ್ಳುತ್ತದೆ.

ಎಣಿಕೆ ದಿನಕ್ಕೆ ಒಮ್ಮೆ ಸಾಲದು. ಒಂದು ಹಂತ ಆರರಿಂದ ಎಂಟು ದಿನಗಳದ್ದಾದಾಗ, ದಿನಕ್ಕೊಮ್ಮೆ ನೋಡುವವರ ಲೆಕ್ಕದಲ್ಲಿ ಒಂದು ದಿನದ ಅನಿಶ್ಚಿತತೆ ಇದ್ದೇ ಇರುತ್ತದೆ. ಬೆಳಕಿನ ಪರಿಣಾಮ ಅರ್ಧ ದಿನದಷ್ಟಿದ್ದರೆ ಅದು ನಿಮ್ಮ ಪುಸ್ತಕಕ್ಕೆ ಬರುವುದೇ ಇಲ್ಲ. ದೀಪ ಹೊತ್ತುವ ಒಂದು ಗಂಟೆ ಮೊದಲು ಕೆಂಪು ಟಾರ್ಚಿನಲ್ಲಿ ಒಮ್ಮೆ, ಹೊತ್ತಿ ಎರಡು ಗಂಟೆಯ ನಂತರ ಒಮ್ಮೆ, ಸಂಜೆ ಒಮ್ಮೆ, ಹೀಗೆ ಮೂರು ಸಲ ನೋಡಿ. ಪೂರ್ಣ ಕತ್ತಲಿನ ಗುಂಪನ್ನು ಎಲ್ಲ ಹೊತ್ತೂ ಕೆಂಪು ಬೆಳಕಿನಲ್ಲೇ ನೋಡಬೇಕು. ಕಡಲಿನ ನೀರು ಕೆಂಪನ್ನು ಮೊದಲ ಕೆಲವು ಮೀಟರುಗಳಲ್ಲೇ ಹೀರಿಕೊಳ್ಳುವುದರಿಂದ ಅಲ್ಲಿನ ಹೆಚ್ಚಿನ ಜೀವಿಗಳ ಕಣ್ಣು ಆ ಬಣ್ಣಕ್ಕೆ ಅಷ್ಟು ಸೂಕ್ಷ್ಮವಲ್ಲ. ಆದರೂ ಟಾರ್ಚ್ ಮಂದವಾಗಿರಲಿ, ಒಂದು ಬೀಕರಿಗೆ ಕೆಲವೇ ಸೆಕೆಂಡು ಸಾಕು.

ಬಿದ್ದ ಪೊರೆ ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನಷ್ಟು ತೆಳು. ಕೆಲವೊಮ್ಮೆ ಮರಿಯೇ ಅದನ್ನು ಮೆಲ್ಲುತ್ತದೆ, ಕೆಲವೊಮ್ಮೆ ಅದು ಒಡೆದು ಕಸದಂತೆ ತಳ ಸೇರುತ್ತದೆ. ಬೀಕರನ್ನು ಕಪ್ಪು ಹಾಳೆಯ ಮೇಲಿಟ್ಟು ಓರೆಯಾಗಿ ನೋಡಿದರೆ ಅದರ ಅಂಚು ಬೆಳ್ಳಗೆ ಹೊಳೆಯುತ್ತದೆ. ಪೊರೆ ಕಾಣಿಸಲಿಲ್ಲವೆಂದು ಪೊರೆ ಬಿಡಲಿಲ್ಲ ಎಂದು ಬರೆಯಬೇಡಿ. ಮರಿಯ ಹಂತವನ್ನೂ ನೋಡಿ ನಿರ್ಧರಿಸಿ. ಮೊದಲ ಹಂತದಲ್ಲಿ ಕಣ್ಣಿಗೆ ಕಾಂಡವಿರುವುದಿಲ್ಲ, ಮುಂದಿನ ಹಂತದಲ್ಲಿ ಕಾಂಡ ಸ್ಪಷ್ಟವಾಗುತ್ತದೆ. ಕೊನೆಯ ಹಂತದಲ್ಲಿ ಕಾಲುಗಳ ಬುಡದಲ್ಲಿ ಕಿವಿರಿನ ಮೊಗ್ಗುಗಳು ಕಾಣುತ್ತವೆ.

ಪೊರೆಯ ಸಿದ್ಧತೆಯನ್ನು ಮೊದಲೇ ಗುರುತಿಸಲು ಸಾಧ್ಯವಿದೆ, ಇದನ್ನು ಕಲಿತವರ ಕೆಲಸ ಬಹಳ ಹಗುರವಾಗುತ್ತದೆ. ಮರಿಯನ್ನು ಒಂದು ಹನಿ ನೀರಿನಲ್ಲಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಈಜುಕಾಲಿನ ಗರಿಯಂಥ ರೋಮಗಳ ಬುಡವನ್ನು ನೋಡಿ. ಪೊರೆಗೆ ದೂರವಿರುವ ಮರಿಯಲ್ಲಿ ಒಳಗಿನ ಮಾಂಸ ರೋಮದ ಬುಡದವರೆಗೂ ತುಂಬಿರುತ್ತದೆ. ಸಿದ್ಧತೆ ಆರಂಭವಾದಾಗ ಒಳಚರ್ಮ ಹೊರಕವಚದಿಂದ ಬಿಟ್ಟುಕೊಂಡು ಹಿಂದೆ ಸರಿಯುತ್ತದೆ, ಅಂಚಿನ ಗೆರೆಯ ಒಳಗೆ ಇನ್ನೊಂದು ಗೆರೆ ಕಾಣಿಸುತ್ತದೆ. ಸಮಯ ಹತ್ತಿರವಾದಂತೆ ಆ ಸಂದಿನೊಳಗೆ ಹೊಸ ರೋಮಗಳು ಮಡಚಿಕೊಂಡು ಮೂಡಿರುತ್ತವೆ. ಈ ಪರೀಕ್ಷೆಯನ್ನು ಗುಂಪಿನ ತೊಟ್ಟಿಯ ಕೆಲವು ಮರಿಗಳ ಮೇಲೆ ಮಾತ್ರ ಮಾಡಿ. ಬೀಕರಿನವನ್ನು ಪದೇ ಪದೇ ಎತ್ತಿದರೆ ಆ ತೊಂದರೆಯಿಂದಲೇ ಅವುಗಳ ಪೊರೆಯ ದಿನ ತಪ್ಪುತ್ತದೆ.

ಹಂತ 8: ಬೆಳವಣಿಗೆಯ ಲೆಕ್ಕ

ಕವಚವಿರುವ ಪ್ರಾಣಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ. ಆದ್ದರಿಂದ ಎರಡು ಪೊರೆಗಳ ನಡುವಿನ ದಿನಗಳನ್ನೂ ಪ್ರತಿ ಪೊರೆಗೆ ಹೆಚ್ಚಿದ ಉದ್ದವನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ಉದಾಹರಣೆಗೆ, ಒಂದು ಮರಿ 6 ದಿನಕ್ಕೆ ಪೊರೆ ಬಿಟ್ಟು 1.2 ಮಿಲಿಮೀಟರ್ ಬೆಳೆಯಿತು, ಇನ್ನೊಂದು 8 ದಿನಕ್ಕೆ ಪೊರೆ ಬಿಟ್ಟು 1.6 ಮಿಲಿಮೀಟರ್ ಬೆಳೆಯಿತು ಎಂದುಕೊಳ್ಳಿ. ಮೊದಲನೆಯದು ಬೇಗ ಪೊರೆ ಬಿಟ್ಟಿತು, ನಿಜ. ಆದರೆ ದಿನದ ಬೆಳವಣಿಗೆ ಎರಡರಲ್ಲೂ 0.2 ಮಿಲಿಮೀಟರೇ. ಬೇಗ ಪೊರೆ ಬಿಡುವುದನ್ನೇ ಚೆನ್ನಾಗಿ ಬೆಳೆಯುವುದು ಎಂದು ಬರೆದು ಪ್ರಬಂಧ ಮುಗಿಸಿದವರನ್ನು ಕಂಡು ನನಗೆ ನಿಜವಾಗಿಯೂ ಬೇಸರವಾಗಿದೆ, ಏಕೆಂದರೆ ಅವರ ಉಳಿದ ಶ್ರಮವೆಲ್ಲ ಅಚ್ಚುಕಟ್ಟಾಗಿತ್ತು.

ಉದ್ದವನ್ನು ಪೊರೆ ಬಿಟ್ಟ ಮರುದಿನ, ಕವಚ ಗಟ್ಟಿಯಾದ ಮೇಲೆ, ಎರಡು ಕಣ್ಣುಗಳ ನಡುವಿನ ಮುಂಭಾಗದಿಂದ ಹೊಟ್ಟೆಯ ತುದಿಯವರೆಗೆ ಅಳೆಯಿರಿ. ಅಳೆಯುವವರು ಕೊನೆಯವರೆಗೆ ಒಬ್ಬರೇ ಆಗಿರಲಿ, ಮರಿ ಯಾವ ಗುಂಪಿನದೆಂದು ಅವರಿಗೆ ತಿಳಿಯದಿರಲಿ.

ಎಚ್ಚರಿಕೆಯ ಲಕ್ಷಣಗಳು

ಮರಿಗಳು ಮೇಲ್ಮೈಯಲ್ಲಿ ಉಂಡೆಯಾಗಿ ಕಾಲುಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಬೆಳಕು ಅತಿಯಾಗಿದೆ ಅಥವಾ ಒಂದೇ ಕಡೆಯಿಂದ ಬೀಳುತ್ತಿದೆ. ಅಂದೇ ಸರಿಪಡಿಸಬೇಕು, ಏಕೆಂದರೆ ಬಿಡಿಸಲು ಹೋದರೂ ಕಾಲುಗಳು ಉಳಿಯುವುದಿಲ್ಲ. ಹಳೆಯ ಪೊರೆ ಅರ್ಧ ಕಳಚಿ ಕಾಲುಗಳಲ್ಲೇ ಸಿಕ್ಕಿಕೊಂಡು ಮರಿ ಸತ್ತಿದ್ದರೆ ಬೆಳಕನ್ನು ದೂರುವ ಮೊದಲು ಆಹಾರವನ್ನು ನೋಡಿ, ಅದರಲ್ಲೂ ಹಳಸಿದ ಅಥವಾ ಹಸಿದ ಆರ್ಟೀಮಿಯಾವನ್ನು. ಪಾರದರ್ಶಕ ದೇಹ ಹಾಲಿನಂತೆ ಮಸುಕಾದರೆ ಬ್ಯಾಕ್ಟೀರಿಯಾ ಸೋಂಕಿನ ಸಾಧ್ಯತೆ ಇದೆ, ಆ ಪಾತ್ರೆಯ ಪಿಪೆಟ್ಟನ್ನು ಬೇರೆಯದಕ್ಕೆ ಹಾಕಬೇಡಿ. ರೋಮಗಳ ಮೇಲೆ ಹತ್ತಿಯಂಥ ಎಳೆಗಳು ಕಟ್ಟಿದ್ದರೆ ನೀರು ಕೆಟ್ಟಿದೆ, ಇಲ್ಲವೇ ಪೊರೆ ತಡವಾಗುತ್ತಿದೆ.

24 ಗಂಟೆ ಬೆಳಕಿನ ಗುಂಪಿನ ಗೋಡೆಗೆ ಕಂದು ಪಾಚಿ ಕಟ್ಟಿ, ಪಿಎಚ್ ಏರುತ್ತಿದ್ದರೆ ಪಾಚಿ ಇಂಗಾಲದ ಡೈಆಕ್ಸೈಡನ್ನೂ ಅಮೋನಿಯಾವನ್ನೂ ಹೀರುತ್ತಿದೆ. ಬೆಳಕಿನ ನೀರು ಕತ್ತಲಿನ ನೀರಿಗಿಂತ ಬೇರೆಯಾಗಿಬಿಟ್ಟಿದೆ. ಎಲ್ಲ ಗುಂಪುಗಳ ಮರಿಗಳನ್ನೂ ಒಂದೇ ದಿನ ಶುಚಿಯಾದ ಪಾತ್ರೆಗಳಿಗೆ ದಾಟಿಸಿ. ಪಾಚಿ ಇಲ್ಲದ ಕತ್ತಲಿನ ಗುಂಪನ್ನೂ ದಾಟಿಸಲೇಬೇಕು, ಇಲ್ಲದಿದ್ದರೆ ದಾಟಿಸಿದ ತೊಂದರೆ ಒಂದು ಗುಂಪಿಗೆ ಮಾತ್ರ ಆಗುತ್ತದೆ.

ಹಂತ 9: ಬೆಳಕನ್ನು ಸರಿಸಿ ನೋಡುವ ಪರೀಕ್ಷೆ

ಪೊರೆಗಳು ಒಂದು ನಿರ್ದಿಷ್ಟ ಹೊತ್ತಿಗೆ ಬೀಳುತ್ತಿವೆ ಎಂದು ಕಂಡರೆ, ಅದು ದೀಪದಿಂದಲೋ ನಿಮ್ಮ ಓಡಾಟದಿಂದಲೋ ಆಹಾರದ ಸಮಯದಿಂದಲೋ ಎಂದು ತಿಳಿಯಲು ಒಂದೇ ದಾರಿ ಇದೆ. ಮರಿಗಳ ಎರಡನೆಯ ಫಿಲ್ಲೋಸೋಮ ಹಂತದ ಆರಂಭದಲ್ಲಿ 12 ಗಂಟೆ ಗುಂಪಿನ ಅರ್ಧ ಬೀಕರ್‌ಗಳನ್ನು, ದೀಪ ಆರು ಗಂಟೆ ತಡವಾಗಿ ಹೊತ್ತುವ ಇನ್ನೊಂದು ಕಪ್ಪು ಗೂಡಿಗೆ ವರ್ಗಾಯಿಸಿ. ಆಹಾರ ಮತ್ತು ನೀರಿನ ಸಮಯ ಎರಡು ಗೂಡಿಗೂ ಒಂದೇ ಇರಬೇಕು. ಅದಕ್ಕೆ ಎರಡು ಗೂಡುಗಳ ನಿಷಿದ್ಧ ಹೊತ್ತನ್ನೂ ತಪ್ಪಿಸಿದ ಸಂಜೆಯನ್ನು ಆರಿಸಿಕೊಳ್ಳಿ, ಎಣಿಕೆಯನ್ನು ಮಾತ್ರ ಎರಡೂ ಕಡೆಯ ಬೆಳಗಿಗೆ ಹೊಂದಿಸಿ. ಮುಂದಿನ ಪೊರೆಗಳು ಹೊಸ ಬೆಳಗಿನತ್ತ ಸರಿದರೆ ಸಮಯ ನಿರ್ಧರಿಸುತ್ತಿರುವುದು ಬೆಳಕು. ಹಳೆಯ ಹೊತ್ತಿನಲ್ಲೇ ಉಳಿದರೆ, ಮರಿಯೊಳಗಿನ ಗಡಿಯಾರ ಇನ್ನೂ ಹೊಂದಿಕೊಂಡಿಲ್ಲ ಅಥವಾ ಕಾರಣ ಬೇರೆ. ಮೂರನೆಯ ಫಿಲ್ಲೋಸೋಮ ಹಂತದ ಪೊರೆಯವರೆಗೂ ಹಾಗೆಯೇ ಇಟ್ಟು ನೋಡಿ.

ಹಂತ 10: ಕೊನೆಯ ಫಿಲ್ಲೋಸೋಮದಿಂದ ನಿಸ್ಟೋ

ಬೆಳೆದ ಫಿಲ್ಲೋಸೋಮಗಳು ಎಳೆಯವುಗಳಂತೆ ಬೆಳಕಿನ ಹಿಂದೆ ಹೋಗುವುದಿಲ್ಲ, ಪ್ರಖರವಾದ ಬೆಳಕಿನಿಂದ ದೂರ ಸರಿಯತೊಡಗುತ್ತವೆ. ಇದನ್ನು ರೋಗವೆಂದು ತಿಳಿದು ದೀಪ ಹೆಚ್ಚಿಸಿದವರಿದ್ದಾರೆ, ಹಾಗೆ ಮಾಡಬೇಡಿ. ತೊಟ್ಟಿಯ ಮೇಲಿನಿಂದ ಎಷ್ಟು ಆಳದಲ್ಲಿ ಮರಿಗಳು ನಿಂತಿವೆ ಎಂಬುದನ್ನು ದಿನವೂ ಬರೆಯಿರಿ, ಅದೂ ಒಂದು ಫಲಿತಾಂಶವೇ.

ನಿಸ್ಟೋ ಕಾಣಿಸಿಕೊಂಡ ದಿನ ಅದನ್ನು ತೆಳುವಾಗಿ ಶುಚಿ ಮರಳು ಹಾಸಿದ, ಅದೇ ಗುಂಪಿನ ಬೆಳಕಿರುವ ಪಾತ್ರೆಗೆ ದಾಟಿಸಿ. ನಿಸ್ಟೋ ಆಹಾರ ತಿನ್ನುವುದಿಲ್ಲ, ಮರಳಿನಲ್ಲಿ ಹುದುಗಿ ಕೆಲವು ದಿನಗಳನ್ನು ಕಳೆಯುತ್ತದೆ. ಆ ದಿನಗಳಲ್ಲಿ ಮರುವಾಯಿ ಚೂರು ಹಾಕಿದರೆ ಅದು ಮರಳಿನೊಳಗೆ ಕೊಳೆಯುತ್ತದೆ. ಮುಂದಿನ ಪೊರೆ ಬಿಟ್ಟು ಪುಟ್ಟ ಲಾಬ್‌ಸ್ಟರ್ ಮರಳಿನ ಮೇಲೆ ಬಂದಾಗ, ಕೆಂಪು ಟಾರ್ಚಿನಲ್ಲಿ, ರಾತ್ರಿಯ ಮೊದಲ ತುತ್ತನ್ನು ಕೊಡಿ.